ಸ್ಟೆಪ್ಪರ್ ಮೋಟಾರ್ ನಡುಗುತ್ತದೆ, ತಿರುಗುವುದಿಲ್ಲ: ಎಲ್ಲಿಂದ ಹುಡುಕಲು ಶುರುಮಾಡಲಿ?

ಹಳಿಬಂಡಿ:
ಟೈಮ್‌ಲ್ಯಾಪ್ಸ್ ಚಿತ್ರೀಕರಣಕ್ಕಾಗಿ ಕ್ಯಾಮೆರಾವನ್ನು ಹಳಿಯ ಮೇಲೆ ತುಸುತುಸುವೇ ಸರಿಸುವ ಬಂಡಿಯೊಂದನ್ನು ಕಟ್ಟುತ್ತಿದ್ದೇನೆ. ಹಳಿ, ಬೇರಿಂಗ್, ಚೌಕಟ್ಟು ಎಲ್ಲವೂ ಸಿದ್ಧವಾಗಿವೆ. ಮೋಟಾರ್ ಮಾತ್ರ ಹಟ ಹಿಡಿದು ಕುಳಿತಿದೆ.

ಬಳಸಿರುವುದು ನೆಮಾ 17 ಗಾತ್ರದ, ನಾಲ್ಕು ತಂತಿಯ, ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟಾರ್. ಹೆಜ್ಜೆಗೆ 1.8 ಡಿಗ್ರಿ, 1.5 ಆಂಪಿಯರ್ ಎಂದು ಅದರ ಬೆನ್ನಿನ ಮೇಲೆ ಅಚ್ಚಾಗಿದೆ. ಮೋಟಾರಿಗೆ ಕರೆಂಟ್ ಹಂಚುವ ಎ4988 ಡ್ರೈವರ್ ಬೋರ್ಡ್, ಅದಕ್ಕೆ ಆದೇಶ ಕೊಡುವ ಆರ್ಡುಯಿನೊ ಯುನೊ, 12 ವೋಲ್ಟ್ 2 ಆಂಪಿಯರ್ ಅಡಾಪ್ಟರ್. ಲೀಡ್ ಸ್ಕ್ರೂ (ಬಂಡಿಯನ್ನು ಸರಿಸುವ ಉದ್ದ ತಿರುಪು) ಒಂದು ಸುತ್ತಿಗೆ ಬಂಡಿಯನ್ನು 8 ಮಿಲಿಮೀಟರ್ ಸಾಗಿಸುತ್ತದೆ. ಮೋಟಾರಿನ ಜೊತೆ ಕೇಬಲ್ ಬಂದಿರಲಿಲ್ಲ, ಬೇರೆಯಾಗಿ ತರಿಸಿಕೊಂಡೆ.

ಕೋಡ್ ಹಾಕಿ ಚಾಲು ಮಾಡಿದರೆ ಮೋಟಾರ್ ಗರ್ ಎಂದು ನಡುಗುತ್ತದೆ, ಒಂದಿಷ್ಟೂ ತಿರುಗುವುದಿಲ್ಲ. ವೇಗ ಕಡಿಮೆ ಮಾಡಿದರೆ ನಡುಕವೂ ನಿಧಾನವಾಗುತ್ತದೆ, ಅಷ್ಟೇ ವ್ಯತ್ಯಾಸ. ಡ್ರೈವರ್ ಹೋಗಿದೆಯೇ, ಮೋಟಾರ್ ಹೋಗಿದೆಯೇ, ಕೋಡ್ ತಪ್ಪೇ?

ಬಿಸಿಬೆಸುಗೆ:
ಕೋಡಿನಲ್ಲಿ ಎರಡು ಪಲ್ಸ್‌ಗಳ (ಡ್ರೈವರಿಗೆ ಹೋಗುವ ‘ಒಂದು ಹೆಜ್ಜೆ ಇಡು’ ಸಂಕೇತಗಳ) ನಡುವಿನ ಸಮಯ ತೀರಾ ಕಡಿಮೆ ಇರಬಹುದು. 500 ಮೈಕ್ರೊಸೆಕೆಂಡ್ ಇದ್ದದ್ದನ್ನು 2000 ಮಾಡಿ ನೋಡಿ. ನನ್ನ ಮೋಟಾರ್ ಅಷ್ಟಕ್ಕೇ ಸರಿಹೋಗಿತ್ತು.

ತಾಮ್ರತಂತಿ:
ವೇಗ ಇಳಿಸಿದರೂ ನಡುಗುತ್ತದೆ ಎಂದು ಅವರೇ ಬರೆದಿದ್ದಾರಲ್ಲ. ಅಲ್ಲಿಗೆ ಕೋಡ್ ಬಹುಮಟ್ಟಿಗೆ ನಿರಪರಾಧಿ. ನಿಧಾನವಾಗಿ ಪಲ್ಸ್ ಕೊಟ್ಟಾಗಲೂ ಅದೇ ಲಯದಲ್ಲಿ ನಡುಗುತ್ತದೆ ಎಂದರೆ ಪಲ್ಸ್ ಡ್ರೈವರನ್ನು ತಲುಪುತ್ತಿದೆ, ಡ್ರೈವರ್ ಅದನ್ನು ಕೇಳಿಸಿಕೊಳ್ಳುತ್ತಲೂ ಇದೆ. ಇನ್ನು ಉಳಿದದ್ದು ಡ್ರೈವರಿನಿಂದ ಮೋಟಾರಿನವರೆಗಿನ ನಾಲ್ಕು ತಂತಿ.

ಹಳಿಬಂಡಿಯವರೇ, ಅಡಾಪ್ಟರನ್ನು ಕಿತ್ತಿಡಿ. ಚಾಲೂ ಇರುವಾಗ ಮೋಟಾರಿನ ತಂತಿಯನ್ನು ಎಂದೂ ಬಿಚ್ಚಬೇಡಿ, ಸಿಕ್ಕಿಸಲೂಬೇಡಿ. ಕಾಯಿಲ್‌ನಲ್ಲಿ (ಮೋಟಾರಿನೊಳಗಿನ ತಂತಿಸುರುಳಿಯಲ್ಲಿ) ಹರಿಯುತ್ತಿರುವ ಕರೆಂಟ್ ಥಟ್ಟನೆ ಕಡಿದರೆ ಏಳುವ ವೋಲ್ಟೇಜ್ ಡ್ರೈವರಿನ ಜೀವ ತೆಗೆಯುತ್ತದೆ. ಅಡಾಪ್ಟರ್ ತೆಗೆದ ಮೇಲೆ ಮಲ್ಟಿಮೀಟರನ್ನು ಓಮ್‌ನಲ್ಲಿಟ್ಟು ನಾಲ್ಕು ತಂತಿಗಳಲ್ಲಿ ಯಾವ ಎರಡು ಒಂದು ಕಾಯಿಲ್‌ಗೆ ಸೇರಿವೆ ಎಂದು ಹುಡುಕಿ. ಬಣ್ಣ ನೋಡಿ ಹೇಳಬೇಡಿ, ಅಳೆದು ಹೇಳಿ. ಅಳೆಯಬೇಕಾದದ್ದು ಕೇಬಲ್‌ನ ಈಚೆ ತುದಿಯಲ್ಲಿ, ಡ್ರೈವರಿಗೆ ಸಿಕ್ಕಿಸುವ ಕಡೆ.

ಅರೆಹೆಜ್ಜೆ:
ಮಲ್ಟಿಮೀಟರ್ ಇಲ್ಲದವರಿಗೂ ಒಂದು ದಾರಿ ಇದೆ. ಎಲ್ಲಕ್ಕೂ ಬಿಡಿಸಿಟ್ಟ ಮೋಟಾರಿನ ಕಡ್ಡಿಯನ್ನು ಬೆರಳಿನಲ್ಲಿ ತಿರುಗಿಸಿ ನೋಡಿ, ಹಗುರವಾಗಿ ಕಟಕಟ ಎಂದು ತಿರುಗುತ್ತದೆ. ಈಗ ಯಾವುದಾದರೂ ಎರಡು ತಂತಿಗಳ ತುದಿಗಳನ್ನು ಒಂದಕ್ಕೊಂದು ಮುಟ್ಟಿಸಿ ಮತ್ತೆ ತಿರುಗಿಸಿ. ಅವೆರಡೂ ಒಂದೇ ಕಾಯಿಲ್‌ನವಾಗಿದ್ದರೆ ಕಡ್ಡಿ ಎದ್ದು ಕಾಣುವಷ್ಟು ಬಿಗಿಯಾಗುತ್ತದೆ. ಮೋಟಾರ್ ಆಗ ಜನರೇಟರಿನಂತೆ ತನ್ನದೇ ಕರೆಂಟಿನ ವಿರುದ್ಧ ಸೆಣಸುತ್ತಿರುತ್ತದೆ. ಬೇರೆ ಬೇರೆ ಕಾಯಿಲ್‌ನವಾದರೆ ಏನೂ ಬದಲಾಗುವುದಿಲ್ಲ. ಲೀಡ್ ಸ್ಕ್ರೂಗೆ ಜೋಡಿಸಿಬಿಟ್ಟಿದ್ದರೆ ಈ ವ್ಯತ್ಯಾಸ ಅಷ್ಟು ಸ್ಪಷ್ಟವಾಗಿ ಕೈಗೆ ಗೊತ್ತಾಗುವುದಿಲ್ಲ, ಎರಡನ್ನೂ ಜೋಡಿಸುವ ಕಪ್ಲರ್ ಸಡಿಲಿಸಿ ನೋಡಿ.

ಹಳಿಬಂಡಿ:
ಅಳೆದೆ. ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿದಾಗಲೇ 0.4 ಓಮ್ ತೋರಿಸುತ್ತದೆ. ಕೇಬಲ್‌ನ ಡ್ರೈವರ್ ತುದಿಯಲ್ಲಿ ಎಡದಿಂದ ಎಣಿಸಿದರೆ ಒಂದನೆಯ ಮತ್ತು ಮೂರನೆಯ ತಂತಿಗಳ ನಡುವೆ 2.6, ಎರಡನೆಯ ಮತ್ತು ನಾಲ್ಕನೆಯದರ ನಡುವೆ 2.6. ಉಳಿದ ಯಾವ ಜೋಡಿ ಹಿಡಿದರೂ ಮೀಟರ್ ಏನನ್ನೂ ತೋರಿಸುವುದಿಲ್ಲ.

ತಾಮ್ರತಂತಿ:
ಸಿಕ್ಕಿತು. ನಿಮ್ಮ ಮೋಟಾರ್ ಆರೋಗ್ಯವಾಗಿದೆ: ಎರಡೂ ಕಾಯಿಲ್ ಸಮವಾಗಿ 2.2 ಓಮ್, ಒಂದಕ್ಕೊಂದು ಸಂಪರ್ಕವಿಲ್ಲ. ತಪ್ಪಿರುವುದು ಕೇಬಲ್‌ನ ಸಾಲು.

ಎ4988ರ ಅಂಚಿನಲ್ಲಿ 2ಬಿ, 2ಎ, 1ಎ, 1ಬಿ ಎಂದು ಸಾಲಾಗಿ ನಾಲ್ಕು ಪಿನ್ ಇವೆ. ಅಕ್ಕಪಕ್ಕದ ಎರಡೆರಡು ಪಿನ್‌ಗಳು ಒಂದೊಂದು ಕಾಯಿಲ್‌ಗೆ. ನಿಮ್ಮ ಕೇಬಲ್ ಒಂದು ಬಿಟ್ಟು ಒಂದರಂತೆ ಬಂದಿದೆ. ಹೀಗಾಗಿ ಡ್ರೈವರಿನ ಒಂದು ಎಚ್-ಬ್ರಿಜ್‌ಗೆ (ಒಂದು ಕಾಯಿಲ್‌ನ ಕರೆಂಟನ್ನು ಎರಡೂ ದಿಕ್ಕಿಗೆ ಹರಿಸುವ ಸರ್ಕ್ಯೂಟ್‌ಗೆ) ಅರ್ಧ ಆ ಕಾಯಿಲ್, ಅರ್ಧ ಈ ಕಾಯಿಲ್ ಸಿಕ್ಕಿದೆ. ಒಂದು ಬ್ರಿಜ್‌ನಿಂದ ಹೊರಟ ಕರೆಂಟ್ ಇನ್ನೊಂದು ಬ್ರಿಜ್‌ನ ಮೂಲಕ ಮರಳಬೇಕಾಗಿದೆ. ಎರಡು ಕಾಯಿಲ್‌ಗಳೂ ಸರದಿಯ ಪ್ರಕಾರ ಏಳುತ್ತಿಲ್ಲ. ರೋಟರ್ (ಮೋಟಾರಿನ ತಿರುಗುವ ಭಾಗ) ಅತ್ತ ಒಮ್ಮೆ ಇತ್ತ ಒಮ್ಮೆ ತುಯ್ದು ಇದ್ದಲ್ಲೇ ಉಳಿಯುತ್ತದೆ.

ಈ ಮೋಟಾರುಗಳ ಮೈಯಲ್ಲಿ ಆರು ಪಿನ್‌ನ ಚಿಕ್ಕ ಸಾಕೆಟ್ ಇರುತ್ತದೆ, ನಾಲ್ಕನ್ನು ಮಾತ್ರ ಬಳಸಿರುತ್ತಾರೆ. ಅದರೊಳಗೆ ಕಾಯಿಲ್ ತುದಿಗಳನ್ನು ಯಾವ ಕ್ರಮದಲ್ಲಿ ತಂದಿರಬೇಕು ಎಂಬುದಕ್ಕೆ ಎಲ್ಲರೂ ಒಪ್ಪಿದ ನಿಯಮವೇ ಇಲ್ಲ. ಕೆಲವು ಕೇಬಲ್‌ಗಳಲ್ಲಿ ನಡುವಿನ ಎರಡು ತಂತಿಗಳನ್ನು ಅದಲುಬದಲು ಮಾಡಿಯೇ ಕೊಡುತ್ತಾರೆ, ಕೆಲವದರಲ್ಲಿ ನೇರ. ಬೇರೆ ಕಡೆಯ ಮೋಟಾರಿಗೆ ಬೇರೆ ಕಡೆಯ ಕೇಬಲ್ ಜೋಡಿಸಿದಾಗ ಇದು ಮಾಮೂಲು.

ಅರೆಹೆಜ್ಜೆ:
ನಡುವಿನ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ಸಾಕು, ಕೇಬಲ್ ಕತ್ತರಿಸುವುದು ಬೇಡ. ಪ್ಲಾಸ್ಟಿಕ್ ಕನೆಕ್ಟರಿನ ಪಕ್ಕದಲ್ಲಿ ಪ್ರತಿ ತಂತಿಗೂ ಒಂದು ಪುಟ್ಟ ನಾಲಗೆ ಕಾಣುತ್ತದೆ. ಸೂಜಿಯ ತುದಿಯಿಂದ ಅದನ್ನು ಕೂದಲೆಳೆಯಷ್ಟು ಎತ್ತಿ, ಹಿಂದಿನಿಂದ ತಂತಿಯನ್ನು ಮೆಲ್ಲಗೆ ಎಳೆದರೆ ಲೋಹದ ತುದಿ ಸಮೇತ ಹೊರಬರುತ್ತದೆ. ಪಕ್ಕದ ತೂತಿಗೆ ತಳ್ಳಿ, ಟಕ್ ಎಂದು ಕೂತಿತೇ ನೋಡಿ. ಜೋರಾಗಿ ಎತ್ತಿದರೆ ನಾಲಗೆ ಮುರಿಯುತ್ತದೆ, ಆಮೇಲೆ ತಂತಿ ನಿಲ್ಲುವುದಿಲ್ಲ.

ಒಂದೇ ಕಾಯಿಲ್‌ನ ಎರಡು ತುದಿಗಳು ಹಿಂದುಮುಂದಾದರೆ ಚಿಂತೆ ಬೇಡ. ಮೋಟಾರ್ ವಿರುದ್ಧ ದಿಕ್ಕಿಗೆ ತಿರುಗುತ್ತದೆ, ಕೋಡಿನಲ್ಲಿ ದಿಕ್ಕು ಬದಲಿಸಿದರೆ ಮುಗಿಯಿತು.

ಕಿರುಗೇರು:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದೂ ಇದೇ ಲಕ್ಷಣ. ಆದರೆ ಮೋಟಾರ್ ಒಳಗೇ ಗೇರ್ ಇರುವ 28ಬಿವೈಜೆ-48, ಡ್ರೈವರ್ ಯುಎಲ್‌ಎನ್2003 ಬೋರ್ಡ್. ಐದು ತಂತಿಯ ಕನೆಕ್ಟರ್ ಒಂದೇ ರೀತಿ ಕೂರುತ್ತದೆ, ಅದಲುಬದಲಾಗಲು ಅವಕಾಶವೇ ಇಲ್ಲ. ಆದರೂ ನಡುಗುತ್ತದೆ.

ತಾಮ್ರತಂತಿ:
ನಿಮ್ಮದು ಯುನಿಪೋಲಾರ್ (ಕಾಯಿಲ್‌ಗಳಲ್ಲಿ ಕರೆಂಟ್ ಒಂದೇ ದಿಕ್ಕಿಗೆ ಹರಿಯುವ) ಜಾತಿ, ಅಲ್ಲಿ ಸಮಸ್ಯೆ ಕೋಡಿನಲ್ಲೇ. ಆರ್ಡುಯಿನೊ ಜೊತೆ ಬರುವ ಸ್ಟೆಪ್ಪರ್ ಲೈಬ್ರರಿ ಪಿನ್‌ಗಳನ್ನು ನಿರೀಕ್ಷಿಸುವ ಕ್ರಮವೇ ಬೇರೆ. ಬೋರ್ಡಿನ ಇನ್1ರಿಂದ ಇನ್4ರವರೆಗೆ 8, 9, 10, 11ನೇ ಪಿನ್‌ಗಳಿಗೆ ಸಾಲಾಗಿ ಜೋಡಿಸಿದ್ದರೆ, ಕೋಡಿನಲ್ಲಿ 8, 10, 9, 11 ಎಂದು ಕೊಡಿ. ತಂತಿಗಳನ್ನು ಮುಟ್ಟಬೇಡಿ.

ಇನ್ನೆರಡು ಮಾತು. ಅದರ ಗೇರಿನ ಅನುಪಾತ 64 ಎಂದು ಎಲ್ಲೆಡೆ ಬರೆದಿರುತ್ತಾರೆ, ಅದರಿಂದ 2048 ಹೆಜ್ಜೆಗೆ ಒಂದು ಸುತ್ತು ಎಂಬ ಲೆಕ್ಕ ಬರುತ್ತದೆ. ಹಲವು ಮೋಟಾರುಗಳಲ್ಲಿ ಹಲ್ಲುಗಳನ್ನು ಎಣಿಸಿದರೆ ಅನುಪಾತ ಸುಮಾರು 63.68, ಅಂದರೆ 2038ರ ಆಸುಪಾಸು. ಗಡಿಯಾರದ ಮುಳ್ಳು ತಿರುಗಿಸುವ ಯೋಜನೆಯಾದರೆ ಈ ವ್ಯತ್ಯಾಸ ಸುತ್ತು ಸುತ್ತಿಗೂ ಸೇರುತ್ತ ಹೋಗುತ್ತದೆ. ಮತ್ತೆ, ಮೋಟಾರಿಗೆ ಬೇಕಾದ 5 ವೋಲ್ಟನ್ನು ಯುನೊದ ಪಿನ್ನಿನಿಂದ ಎಳೆಯದೆ ಬೇರೆ ಸಪ್ಲೈಯಿಂದ ಕೊಡಿ, ಎರಡರ ಗ್ರೌಂಡ್ ಮಾತ್ರ ಸೇರಿಸಿ.

ಕಿರುಗೇರು:
ತಿರುಗಿತು! ಧನ್ಯವಾದ. ಗಡಿಯಾರವೇ ಮಾಡುತ್ತಿದ್ದೇನೆ, ನಿಮಗೆ ಹೇಗೆ ಗೊತ್ತಾಯಿತೋ.

ಹಳಿಬಂಡಿ:
ನನ್ನದೂ ತಿರುಗುತ್ತಿದೆ. ನಡುವಿನ ಎರಡು ತಂತಿ ಬದಲಿಸಿದ್ದೇ ತಡ, ಸದ್ದಿಲ್ಲದಂತೆ ಹೊರಟಿತು. ಈಗ ಹೊಸ ಸಂಶಯ: ಡ್ರೈವರ್ ಕೈ ಇಡಲಾಗದಷ್ಟು ಬಿಸಿ. ಅದರ ಮೇಲಿರುವ ಪುಟ್ಟ ತಿರುಪನ್ನು ಎಷ್ಟಕ್ಕೆ ಇಡಬೇಕು?

ಬಿಸಿಬೆಸುಗೆ:
ವಿರೆಫ್ (ಆ ತಿರುಪಿನಿಂದ ಹೊಂದಿಸುವ ವೋಲ್ಟೇಜ್) 0.4 ವೋಲ್ಟ್‌ಗೆ ಇಟ್ಟರೆ 1 ಆಂಪಿಯರ್. ಎ4988ಕ್ಕೆ ಇದೇ ಲೆಕ್ಕ.

ಅರೆಹೆಜ್ಜೆ:
ಇದನ್ನು ಹಾಗೆಯೇ ನಂಬಬೇಡಿ. ಸೂತ್ರ ಸರಿಯಾಗಿ ಹೀಗಿದೆ: ಕರೆಂಟ್ ಮಿತಿ ಎಂದರೆ ವಿರೆಫನ್ನು ಸೆನ್ಸ್ ರೆಸಿಸ್ಟರಿನ (ಕರೆಂಟ್ ಅಳೆಯಲು ಬೋರ್ಡಿನಲ್ಲಿರುವ ರೆಸಿಸ್ಟರಿನ) ಎಂಟು ಪಟ್ಟಿನಿಂದ ಭಾಗಿಸಿದ್ದು. ಆ ರೆಸಿಸ್ಟರ್ ಎಲ್ಲ ಬೋರ್ಡುಗಳಲ್ಲಿ ಒಂದೇ ಅಲ್ಲ. ಚಿಪ್‌ನ ಪಕ್ಕದಲ್ಲಿ ಎರಡು ಕಪ್ಪು ಆಯತಾಕಾರದ ಬಿಲ್ಲೆಗಳಿವೆ. ಮೊಬೈಲ್ ಕ್ಯಾಮೆರಾದಲ್ಲಿ ಹಿಗ್ಗಿಸಿ ನೋಡಿ: ಆರ್100 ಎಂದಿದ್ದರೆ 0.1 ಓಮ್, ಆರ್068 ಎಂದಿದ್ದರೆ 0.068, ಆರ್050 ಎಂದಿದ್ದರೆ 0.05. 1 ಆಂಪಿಯರ್ ಬೇಕಾದರೆ ಈ ಮೂರಕ್ಕೆ ಕ್ರಮವಾಗಿ 0.8, 0.54, 0.4 ವೋಲ್ಟ್. ಬಿಸಿಬೆಸುಗೆಯವರ ಬೋರ್ಡಿನಲ್ಲಿ ಆರ್050 ಇದ್ದಿರಬೇಕು. ಅದೇ 0.4 ವೋಲ್ಟನ್ನು ಆರ್100 ಬೋರ್ಡಿಗೆ ಕೊಟ್ಟರೆ ಮೋಟಾರಿಗೆ ಸಿಗುವುದು ಅರ್ಧ ಆಂಪಿಯರ್. ಬಂಡಿಯ ಭಾರಕ್ಕೆ ಅದು ಸೋತು ನಿಲ್ಲುತ್ತದೆ, ನೀವು ಮತ್ತೆ ವೈರಿಂಗ್ ಹುಡುಕುತ್ತ ಕೂರುತ್ತೀರಿ.

ಅಳೆಯುವುದು ಸುಲಭ. ಮೋಟಾರನ್ನು ಮೊದಲು ಬಿಡಿಸಿ, ಬಳಿಕ ಸಪ್ಲೈ ಕೊಡಿ. ಮೀಟರಿನ ಕಪ್ಪು ಕಡ್ಡಿ ಗ್ರೌಂಡಿಗೆ, ಕೆಂಪು ಕಡ್ಡಿ ಆ ತಿರುಪಿನ ಲೋಹದ ತಲೆಗೆ. ಸ್ಕ್ರೂಡ್ರೈವರ್ ಜಾರಿ ಪಕ್ಕದ ಪಿನ್‌ಗೆ ತಗುಲಿದರೆ ಬೋರ್ಡ್ ಸುಡಬಹುದು, ಆದ್ದರಿಂದ ಸಾಧ್ಯವಾದರೆ ಪ್ಲಾಸ್ಟಿಕ್ ಇಲ್ಲವೇ ಸೆರಾಮಿಕ್ ತುದಿಯದನ್ನು ಬಳಸಿ. ಒಂದು ಕೂದಲಷ್ಟು ತಿರುಗಿಸಿದರೂ ಅಂಕಿ ಜಿಗಿಯುತ್ತದೆ, ಅವಸರ ಬೇಡ.

ಹಳಿಬಂಡಿ:
ಆರ್100. ವಿರೆಫ್ 1.1 ಇತ್ತು, 0.8ಕ್ಕೆ ಇಳಿಸಿದ್ದೇನೆ. ಖಚಿತಪಡಿಸಿಕೊಳ್ಳಲು ಅಡಾಪ್ಟರಿನಿಂದ ಬರುವ ತಂತಿಯಲ್ಲಿ ಮೀಟರನ್ನು ಸೇರಿಸಿ ಕರೆಂಟ್ ನೋಡಿದೆ. 0.4 ಆಂಪಿಯರ್ ಮಾತ್ರ ತೋರಿಸುತ್ತಿದೆ! ಸೂತ್ರ ತಪ್ಪೇ?

ತಾಮ್ರತಂತಿ:
ಸೂತ್ರ ಸರಿ, ಅಳೆದ ಜಾಗ ಬೇರೆ. ಡ್ರೈವರ್ 12 ವೋಲ್ಟನ್ನು ಸೆಕೆಂಡಿಗೆ ಸಾವಿರಾರು ಬಾರಿ ಕೊಟ್ಟು ಕಡಿದು ಕಾಯಿಲ್‌ನ ಕರೆಂಟನ್ನು ಮಿತಿಯಲ್ಲಿಡುತ್ತದೆ. ಒಂದು ಆಂಪಿಯರ್ ಹಿಡಿದಿಡಲು ನಿಮ್ಮ 2.2 ಓಮ್ ಕಾಯಿಲ್‌ಗೆ ಸರಾಸರಿ ಬೇಕಾಗಿರುವುದು 2.2 ವೋಲ್ಟ್. 12 ವೋಲ್ಟ್ ಕಡೆಯಿಂದ ನೋಡಿದಾಗ ಕರೆಂಟ್ ಕಡಿಮೆಯೇ ಕಾಣಬೇಕು. ಅಡಾಪ್ಟರಿನ ಕಡೆ ಅಳೆದು ತಿರುಪು ಏರಿಸುವವರೇ ಡ್ರೈವರ್‌ಗಳನ್ನು ಹೆಚ್ಚು ಸುಡುವುದು.

1.5 ಆಂಪಿಯರ್ ಮೋಟಾರಿಗೆ ಒಂದೇ ಆಂಪಿಯರ್ ಸಾಕೇ ಎಂದು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಹೀಟ್‌ಸಿಂಕ್ ಮತ್ತು ಗಾಳಿ ಇಲ್ಲದೆ ಈ ಪುಟ್ಟ ಬೋರ್ಡ್ ತಾಳುವುದು ಹೆಚ್ಚುಕಡಿಮೆ ಒಂದು ಆಂಪಿಯರ್. ಮೇಲೆ ಹೋದರೆ ಚಿಪ್ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ, ತಣ್ಣಗಾದ ಮೇಲೆ ಮತ್ತೆ ಎಚ್ಚರಗೊಳ್ಳುತ್ತದೆ. ಮೋಟಾರ್ ಸ್ವಲ್ಪ ಹೊತ್ತು ಓಡಿ, ನಿಂತು, ಮತ್ತೆ ಓಡಿದರೆ ಅದೇ ಕಾರಣ.

ಸದ್ದಡಗು:
ಟಿಎಂಸಿ2209 ಡ್ರೈವರ್ ಹಾಕಿಬಿಡಿ, ಈ ತಲೆನೋವುಗಳೆಲ್ಲ ಇಲ್ಲ. ಮೋಟಾರ್ ಓಡುತ್ತಿದೆಯೋ ಇಲ್ಲವೋ ಎಂದು ಕಿವಿಗೊಟ್ಟು ಕೇಳಬೇಕು, ಅಷ್ಟು ಮೌನ.

ತಾಮ್ರತಂತಿ:
ಮೌನ ನಿಜ. ಆದರೆ ಅದಲುಬದಲಾದ ಕೇಬಲ್‌ಗೆ ಅದೂ ಮದ್ದಲ್ಲ, ಮತ್ತು ಅದರ ವಿರೆಫ್ ಲೆಕ್ಕ ಬೇರೆ. ಇರುವ ಡ್ರೈವರ್ ಓಡಲಿ, ಬದಲಾಯಿಸುವುದು ಆಮೇಲಿನ ಮಾತು.

ಇನ್ನೊಂದು ಕೇಳಬೇಕಿತ್ತು: ಮೋಟಾರ್ ಸಪ್ಲೈ ಪಿನ್ನಿನ ಹತ್ತಿರ ಕೆಪಾಸಿಟರ್ ಇದೆಯೇ? 100 ಮೈಕ್ರೊಫ್ಯಾರಡ್‌ನ ಎಲೆಕ್ಟ್ರೊಲಿಟಿಕ್, 35 ವೋಲ್ಟ್‌ನದು, ಡ್ರೈವರಿಗೆ ಎಷ್ಟು ಸಮೀಪವೋ ಅಷ್ಟು ಒಳ್ಳೆಯದು. ಉದ್ದದ ತಂತಿಯಿಂದ ಸಪ್ಲೈ ಚುಚ್ಚಿದ ಕ್ಷಣದಲ್ಲಿ ಏಳುವ ವೋಲ್ಟೇಜ್ ಚಿಪ್‌ನ 35 ವೋಲ್ಟ್ ಮಿತಿಯನ್ನು ದಾಟಬಲ್ಲದು, ಅಡಾಪ್ಟರ್ 12 ವೋಲ್ಟ್‌ನದೇ ಆಗಿದ್ದರೂ. ಮತ್ತು ಇದೆಲ್ಲ ಬ್ರೆಡ್‌ಬೋರ್ಡಿನ ಮೇಲಿದ್ದರೆ ಮೋಟಾರ್ ಮತ್ತು ಸಪ್ಲೈ ತಂತಿಗಳನ್ನಾದರೂ ಬೆಸುಗೆಗೆ ಬದಲಿಸಿ. ಬ್ರೆಡ್‌ಬೋರ್ಡಿನ ಸ್ಪ್ರಿಂಗ್‌ಗಳು ಈ ಕರೆಂಟಿಗೆ ಮಾಡಿದವಲ್ಲ, ಒಂದು ತಂತಿ ಅಲ್ಲಾಡಿದರೆ ಚಾಲೂ ಇರುವಾಗಲೇ ಕಾಯಿಲ್ ಬಿಚ್ಚಿದಂತೆ.

ಹಳಿಬಂಡಿ:
ಕೆಪಾಸಿಟರ್ ಇದೆ. ಬೆಸುಗೆ ಹಾಕಿ ಬಂದೆ. ನಿಧಾನ ಚಲನೆ ಚೆನ್ನಾಗಿದೆ. ಆದರೆ ಚಿತ್ರೀಕರಣ ಮುಗಿದ ಮೇಲೆ ಬಂಡಿ ಸೆಕೆಂಡಿಗೆ 30 ಮಿಲಿಮೀಟರ್ ವೇಗದಲ್ಲಿ ಮೊದಲಿನ ಜಾಗಕ್ಕೆ ಮರಳಬೇಕು. ಆಗ ಸರಿಯಾಗಿ ಓಡುವುದಿಲ್ಲ. ಆಕ್ಸೆಲ್‌ಸ್ಟೆಪ್ಪರ್ ಲೈಬ್ರರಿ ಬಳಸಿದ್ದೇನೆ, ಮೈಕ್ರೊಸ್ಟೆಪ್ (ಒಂದು ಹೆಜ್ಜೆಯನ್ನು ತುಣುಕುಗಳಾಗಿ ಇಡುವುದು) ಹದಿನಾರರಲ್ಲಿ ಒಂದು.

ತಾಮ್ರತಂತಿ:
“ಸರಿಯಾಗಿ ಓಡುವುದಿಲ್ಲ” ಎಂದರೆ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ. ಕೀರಲು ಸದ್ದು ಮಾಡಿ ನಿಲ್ಲುತ್ತದೆಯೋ, ಇಲ್ಲ ಹೇಳಿದ ವೇಗಕ್ಕಿಂತ ನಿಧಾನವಾಗಿ ಓಡುತ್ತದೆಯೋ? ಎರಡಕ್ಕೂ ಕಾರಣ ಬೇರೆ ಬೇರೆ.

ಹಳಿಬಂಡಿ:
ನಿಲ್ಲುವುದಿಲ್ಲ. ನಿಧಾನವಾಗಿ ಓಡುತ್ತದೆ, ನಡುನಡುವೆ ಕೊಂಚ ಮುಗ್ಗರಿಸುತ್ತದೆ.

ಅರೆಹೆಜ್ಜೆ:
ಹಾಗಾದರೆ ಇಲ್ಲಿ ಬಿಸಿಬೆಸುಗೆಯವರು ಮೊದಲು ಹೇಳಿದ ಕಡೆಗೇ ಹೋಗಬೇಕು, ಕೋಡಿನ ಕಡೆಗೆ. ಲೆಕ್ಕ ಹಾಕಿ. ಒಂದು ಸುತ್ತಿಗೆ 200 ಹೆಜ್ಜೆ, ಹದಿನಾರು ಪಟ್ಟು ಎಂದರೆ 3200. 8 ಮಿಲಿಮೀಟರಿಗೆ 3200, ಅಂದರೆ ಮಿಲಿಮೀಟರಿಗೆ 400. ಸೆಕೆಂಡಿಗೆ 30 ಮಿಲಿಮೀಟರ್ ಎಂದರೆ 12,000 ಪಲ್ಸ್. ಆದರೆ 16 ಮೆಗಾಹರ್ಟ್ಜ್‌ನ ಯುನೊದಲ್ಲಿ ಆಕ್ಸೆಲ್‌ಸ್ಟೆಪ್ಪರ್ ನೀಡಬಲ್ಲದ್ದು ಸೆಕೆಂಡಿಗೆ ಸುಮಾರು 4000. ಮೋಟಾರ್ ಬಡವಾಗಿಲ್ಲ, ಪಲ್ಸ್ ಸಾಲದಾಗಿದೆ.

ಮರಳುವ ಪ್ರಯಾಣಕ್ಕೆ ನಾಲ್ಕರಲ್ಲಿ ಒಂದರ ಮೈಕ್ರೊಸ್ಟೆಪ್‌ಗೆ ಇಳಿಯಿರಿ. ಆಗ 3000 ಪಲ್ಸ್ ಸಾಕು. ಡ್ರೈವರಿನ ಎಂಎಸ್1, ಎಂಎಸ್2, ಎಂಎಸ್3 ಪಿನ್ ಮೂರನ್ನೂ ಯುನೊದ ಪಿನ್‌ಗಳಿಗೆ ಜೋಡಿಸಿ: ಮೂರೂ ಮೇಲಿದ್ದರೆ (ಕೋಡಿನಲ್ಲಿ ಹೈ) ಹದಿನಾರರಲ್ಲಿ ಒಂದು, ಎಂಎಸ್2 ಮಾತ್ರ ಮೇಲಿದ್ದರೆ ನಾಲ್ಕರಲ್ಲಿ ಒಂದು. ಬದಲಿಸುವುದನ್ನು ಹದಿನಾರರ ಲೆಕ್ಕದಲ್ಲಿ ನಾಲ್ಕರಿಂದ ಭಾಗವಾಗುವ ಸ್ಥಾನದಲ್ಲಿ, ಮೋಟಾರ್ ನಿಂತಿರುವಾಗ ಮಾಡಿ. ಇಲ್ಲದಿದ್ದರೆ ಲೆಕ್ಕ ತುಸು ಜಾರುತ್ತದೆ.

ಮುಗ್ಗರಿಸುವುದಕ್ಕೆ ಇನ್ನೊಂದು ಕಾರಣ ಊಹಿಸಬಲ್ಲೆ. ಲೂಪ್‌ನೊಳಗೆ ಸೀರಿಯಲ್ ಪ್ರಿಂಟ್ (ಕಂಪ್ಯೂಟರಿಗೆ ಅಕ್ಷರ ಕಳುಹಿಸುವ ಆದೇಶ) ಇದೆಯೇ?

ಹಳಿಬಂಡಿ:
ಇದೆ, ಬಂಡಿ ಎಲ್ಲಿದೆ ಎಂದು ತೋರಿಸುವುದಕ್ಕೆ. 9600 ಬಾಡ್.

ಅರೆಹೆಜ್ಜೆ:
ಆ ವೇಗದಲ್ಲಿ ಒಂದು ಅಕ್ಷರ ಹೋಗಲು ಒಂದು ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಬೇಕು. ಅಷ್ಟರಲ್ಲಿ ನಿಮಗೆ ಮೂರು ಪಲ್ಸ್ ಹೋಗಬೇಕು. ಬಫರ್ ತುಂಬಿದ ಮೇಲೆ ಲೂಪ್ ಅಲ್ಲೇ ಕಾಯುತ್ತ ನಿಲ್ಲುತ್ತದೆ, ಪಲ್ಸ್ ಕೊಡುವ ರನ್ ಫಂಕ್ಷನ್‌ಗೆ ಕರೆ ಹೋಗುವುದಿಲ್ಲ. ಓಡುವಾಗ ಮುದ್ರಿಸಬೇಡಿ, ನಿಂತಾಗ ಮುದ್ರಿಸಿ. ಡಿಲೇ ಇದ್ದರೆ ಅದನ್ನೂ ತೆಗೆಯಿರಿ.

ಸದ್ದಡಗು:
24 ವೋಲ್ಟ್ ಸಪ್ಲೈಗೆ ಹೋದರೆ ವೇಗ ತಾನಾಗಿ ಸಿಗುವುದಿಲ್ಲವೇ?

ಅರೆಹೆಜ್ಜೆ:
ಇಲ್ಲಿ ಬೇಕಾಗಿಲ್ಲ. ಸೆಕೆಂಡಿಗೆ 30 ಮಿಲಿಮೀಟರ್ ಎಂದರೆ 750 ಪೂರ್ಣ ಹೆಜ್ಜೆ, ಪ್ರತಿ ಹೆಜ್ಜೆಗೆ 1.33 ಮಿಲಿಸೆಕೆಂಡ್ ಸಮಯ. ಇಂಥ ಮೋಟಾರಿನ ಇಂಡಕ್ಟೆನ್ಸ್ (ಕರೆಂಟ್ ಥಟ್ಟನೆ ಏರದಂತೆ ತಡೆಯುವ ಗುಣ) 4 ಮಿಲಿಹೆನ್ರಿ ಎಂದು ಹಿಡಿದರೆ, 12 ವೋಲ್ಟ್‌ನಲ್ಲಿ ಒಂದು ಆಂಪಿಯರ್ ಏರಲು ಸುಮಾರು 0.33 ಮಿಲಿಸೆಕೆಂಡ್. ಮೋಟಾರ್ ತಿರುಗುವಾಗ ತಾನೇ ಹುಟ್ಟಿಸುವ ಎದುರು ವೋಲ್ಟೇಜನ್ನು ಸೇರಿಸಿದರೂ ಈ ವೇಗಕ್ಕೆ ಅವಕಾಶ ಉಳಿಯುತ್ತದೆ. ಇದರ ಮೂರು ಪಟ್ಟು ವೇಗ ಬೇಕಿದ್ದರೆ 24 ವೋಲ್ಟಿನ ಮಾತಿಗೆ ಅರ್ಥವಿತ್ತು. ಆದರೆ ನಿಂತಲ್ಲಿಂದ ಒಮ್ಮೆಗೇ 750 ಹೆಜ್ಜೆಯ ವೇಗಕ್ಕೆ ಹಾರಿಸಬಾರದು. ಆಕ್ಸೆಲೆರೇಷನ್ ಅನ್ನು 3000 ಎಂದಿಟ್ಟರೆ (ಅಂದರೆ ವೇಗ ಪ್ರತಿ ಸೆಕೆಂಡಿಗೆ 3000 ಪಲ್ಸ್‌ನಷ್ಟು ಏರುವಂತೆ) 3000 ಪಲ್ಸ್‌ನ ಪೂರ್ಣ ವೇಗ ತಲುಪಲು ಒಂದು ಸೆಕೆಂಡ್ ಹಿಡಿಯುತ್ತದೆ, ಕ್ಯಾಮೆರಾದ ಭಾರಕ್ಕೆ ಅಷ್ಟು ಮೆತ್ತಗೆ ಹೊರಡುವುದೇ ಒಳ್ಳೆಯದು.

ಹಳಿಬಂಡಿ:
ವೇಗ ಬಂತು, ಮುಗ್ಗರಿಸುವುದು ನಿಂತಿತು. ಎರಡು ಪ್ರಶ್ನೆ ಉಳಿದಿವೆ. ಒಂದು, ಎರಡು ಫೋಟೊಗಳ ನಡುವೆ ಬಂಡಿ ಎಷ್ಟೋ ಹೊತ್ತು ನಿಂತೇ ಇರುತ್ತದೆ, ಮೋಟಾರ್ ಸುಮ್ಮನೆ ಬಿಸಿಯಾಗುತ್ತಿದೆ, ಆ ಹೊತ್ತು ಆರಿಸಿಡಬಹುದೇ? ಎರಡು, ಹೋಗಿ ಬಂದ ಮೇಲೆ ಬಂಡಿ ಹೊರಟ ಗುರುತಿಗೆ ಸರಿಯಾಗಿ ನಿಲ್ಲುವುದಿಲ್ಲ. ಒಮ್ಮೆ ಒಂದು ಮಿಲಿಮೀಟರ್, ಒಮ್ಮೆ ಅದಕ್ಕಿಂತ ಹೆಚ್ಚು ವ್ಯತ್ಯಾಸ. ಹೆಜ್ಜೆ ತಪ್ಪುತ್ತಿದೆಯೇ?

ತಾಮ್ರತಂತಿ:
ಮೊದಲನೆಯದಕ್ಕೆ: ಮೋಟಾರಿನ ಮೈ ಬಿಸಿಯಾಗುವುದು ಸಹಜ. ಈ ವರ್ಗದ ಹಲವು ಮೋಟಾರುಗಳನ್ನು 80 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುವಂತೆ ಮಾಡಿರುತ್ತಾರೆ. ಅಷ್ಟು ಬಿಸಿ ನಿಮ್ಮ ಚೌಕಟ್ಟಿನ ಪ್ಲಾಸ್ಟಿಕ್‌ಗೆ ಒಗ್ಗುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಆರಿಸಲೇಬೇಕಾದರೆ ಎನೇಬಲ್ ಪಿನ್ ಬಳಸಿ. ಅದನ್ನು ಮೇಲೆತ್ತಿದರೆ (ಹೈ ಮಾಡಿದರೆ) ಕರೆಂಟ್ ನಿಲ್ಲುತ್ತದೆ, ಕೆಳಗಿಳಿಸಿದರೆ ಮತ್ತೆ ಹರಿಯುತ್ತದೆ, ಡ್ರೈವರ್ ತಾನಿದ್ದ ಸ್ಥಾನವನ್ನು ಮರೆಯುವುದಿಲ್ಲ. ರಿಸೆಟ್ ಪಿನ್ ಮುಟ್ಟಿದರೆ ಮರೆಯುತ್ತದೆ. ಆದರೆ ಕರೆಂಟ್ ಇಲ್ಲದಾಗ ಹಳಿ ಓರೆಯಾಗಿದ್ದರೆ 8 ಮಿಲಿಮೀಟರ್ ಸ್ಕ್ರೂ ಬಂಡಿಯ ಭಾರಕ್ಕೆ ಜಾರಬಲ್ಲದು. ಸಮತಟ್ಟಾಗಿದ್ದರೆ ಮಾತ್ರ ಆರಿಸಿ.

ಅರೆಹೆಜ್ಜೆ:
ಎರಡನೆಯದು ಕುತೂಹಲದ್ದು. ಮೋಟಾರ್ ಹೆಜ್ಜೆ ತಪ್ಪಿದರೆ ಒಂದೊಂದೇ ತಪ್ಪುವುದಿಲ್ಲ. ಕಾಯಿಲ್‌ಗಳ ಕರೆಂಟ್ ಒಂದು ಆವರ್ತ ಮುಗಿಸಲು ನಾಲ್ಕು ಪೂರ್ಣ ಹೆಜ್ಜೆ ಬೇಕು, ಹಾಗಾಗಿ ರೋಟರ್ ಜಾರಿದರೆ ನಾಲ್ಕು, ಎಂಟು, ಹನ್ನೆರಡು ಹೀಗೆ ಜಾರುತ್ತದೆ. ನಿಮ್ಮ ಸ್ಕ್ರೂನಲ್ಲಿ ನಾಲ್ಕು ಹೆಜ್ಜೆ ಎಂದರೆ 0.16 ಮಿಲಿಮೀಟರ್. ಅಷ್ಟು ಸೂಕ್ಷ್ಮವನ್ನು ಅಳತೆಪಟ್ಟಿಯಲ್ಲಿ ಗುರುತಿಸಲಾಗದು, ಆದ್ದರಿಂದ ಬೇರೆ ಉಪಾಯ. ಮೋಟಾರ್ ಕಡ್ಡಿ, ಕಪ್ಲರ್, ಸ್ಕ್ರೂ ಮೂರರ ಮೇಲೂ ಹಾಯುವಂತೆ ಮಾರ್ಕರ್ ಪೆನ್ನಿನಿಂದ ಒಂದೇ ನೇರ ಗೆರೆ ಎಳೆಯಿರಿ. ಇಡೀ ದೂರ ಹೋಗಿ ಬರಲಿ. ಗೆರೆ ಅಖಂಡವಾಗಿದ್ದೂ ಬಂಡಿ ತಪ್ಪು ಜಾಗದಲ್ಲಿದ್ದರೆ ಹೆಜ್ಜೆ ತಪ್ಪಿದೆ. ಆಕ್ಸೆಲೆರೇಷನ್ ಇಳಿಸಿ, ಇಲ್ಲವೇ ಹೀಟ್‌ಸಿಂಕ್ ಅಂಟಿಸಿ ಕರೆಂಟ್ ತುಸು ಏರಿಸಿ. ಗೆರೆ ತುಂಡಾಗಿದ್ದರೆ ಮೋಟಾರಿಗೂ ಇದಕ್ಕೂ ಸಂಬಂಧವಿಲ್ಲ.

ಹಳಿಬಂಡಿ:
ಗೆರೆ ತುಂಡಾಗಿದೆ, ಮೋಟಾರ್ ಕಡ್ಡಿ ಮತ್ತು ಕಪ್ಲರ್ ನಡುವೆ. ಕಪ್ಲರಿನ ಪುಟ್ಟ ತಿರುಪು ಬಿಗಿಯಾಗಿಯೇ ಇದೆ, ಆದರೆ ಕಡ್ಡಿಯ ದುಂಡಗಿನ ಕಡೆಗೆ ಒತ್ತಿಕೊಂಡಿದೆ.

ತಾಮ್ರತಂತಿ:
ಕಡ್ಡಿಯ ಒಂದು ಬದಿಯನ್ನು ಚಪ್ಪಟೆಯಾಗಿ ಕೆತ್ತಿರುವುದು ಅದಕ್ಕಾಗಿಯೇ. ತಿರುಪನ್ನು ಆ ಚಪ್ಪಟೆ ಬದಿಗೆ ಬರುವಂತೆ ತಿರುಗಿಸಿ ಬಿಗಿಯಿರಿ, ಗೆರೆಯನ್ನು ಅಳಿಸಿ ಹೊಸದಾಗಿ ಎಳೆದು ಇನ್ನೊಮ್ಮೆ ಓಡಿಸಿ.

ಹಳಿಬಂಡಿ:
ಓಡಿಸಿದೆ. ಗೆರೆ ನೇರವಾಗಿದೆ, ಬಂಡಿ ಗುರುತಿನ ಮೇಲೇ ನಿಲ್ಲುತ್ತಿದೆ. ಶಟರ್ ತಂತಿಯ ಜೋಡಣೆಗೆ ಕೈ ಹಾಕುತ್ತೇನೆ.